ಜಪಾನಿನ ಬಳ್ಳಿಯಿಂದ ನಾನು ಕಿತ್ತ ಹೀರೆಕಾಯಿ

ಹರಿಹರ: ಹೊರಡುವ ಮುಂಚೆ

ಹರಿಹರದವರಿಗೆ ಹೊಟ್ಟೆಕಿಚ್ಚನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆ ಕೂತರೆ ದಾವಣಗೆರೆ ಸಿಗುತ್ತದೆ, ಅಷ್ಟು ಸಾಕು. ಹೊಳೆ ನಮ್ಮದು, ಆ ನೀರು ಕುಡಿದು ದೊಡ್ಡದಾದ ಊರು ಅವರದು. ಹಳೆಯ ದೇವಸ್ಥಾನ ನಮ್ಮದು, ಫ್ಯಾಕ್ಟರಿ ನಮ್ಮದು, ಜಿಲ್ಲೆ ಮಾಡುವಾಗ ಮಾತ್ರ ಹೆಸರು ಅವರದಾಯಿತು. ಬೆಣ್ಣೆದೋಸೆಯ ಮಾತನ್ನು ನಾನು ಎತ್ತುವುದೇ ಇಲ್ಲ. ಎತ್ತಿದರೆ ಎರಡು ದಿನ ಊಟ ಸೇರುವುದಿಲ್ಲ.

ನಾನು ಸುಮಂಗಲಾ, ಹರಿಹರದ ಒಂದು ಸರಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರು. ಬೇರು, ಕಾಂಡ, ಎಲೆ, ಹೂವು, ಕಾಯಿ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಗಿಡ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ತಾಲೂಕಿನಲ್ಲೇ ಇಲ್ಲ ಎಂಬುದು ನನ್ನ ನಂಬಿಕೆ. ಆದರೂ ಆ ಗಿಡಕ್ಕೆ ಯಾವತ್ತೂ ಹುಳ ಬಿದ್ದಿಲ್ಲ, ನೀರು ಸಾಲದೆ ಜೋತುಬಿದ್ದಿಲ್ಲ. ನಮ್ಮ ಶಾಲೆಯ ಹಿಂದೆ ಒಂದು ಖಾಲಿ ಜಾಗವಿದೆ. ಮುಳ್ಳುಕಂಟಿ, ಕಾಲು ಮುರಿದ ಬೆಂಚುಗಳು, ಬಿಸಿಯೂಟದ ಬೂದಿ ಬಿಟ್ಟರೆ ಅಲ್ಲಿ ಬೇರೇನಿಲ್ಲ. ಅಲ್ಲೊಂದು ತೋಟ ಮಾಡಿ, ಬೋರ್ಡಿನ ಗಿಡವನ್ನು ಮಣ್ಣಿಗೆ ಇಳಿಸಬೇಕು, ಮಕ್ಕಳ ಕೈಯಲ್ಲೇ ಪರಿಸರ ಪಾಠ ಮಾಡಿಸಬೇಕು ಎಂಬುದು ನನ್ನ ಬಹುದಿನದ ಆಸೆ.

ಆ ಜಾಗದ ಮೇಲೆ ನಮ್ಮ ಶಾಲಾ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಅಧ್ಯಕ್ಷರಾದ ರುದ್ರಪ್ಪನವರಿಗೂ ಕಣ್ಣಿತ್ತು. ಅವರು ಫ್ಯಾಕ್ಟರಿಯಿಂದ ನಿವೃತ್ತರಾದವರು, ಶಾಲೆಯನ್ನು ಸ್ವಂತ ಮನೆಯಂತೆ ನೋಡಿಕೊಳ್ಳುವವರು. ಅವರಿಗೆ ಅಲ್ಲಿ ಸ್ಟೇಜ್ ಬೇಕಿತ್ತು.

“ಗ್ಯಾದರಿಂಗ್‌ನಾಗೆ ಮಕ್ಳು ಧೂಳಾಗೆ ಕುಣೀತಾವೆ ಟೀಚರ್. ನನ್ನ ಮೊಮ್ಮಗಳ ಹೊಸ ಲಂಗ ಒಂದೇ ದಿನಕ್ಕೆ ಮಣ್ಣುಪಾಲಾತು. ನೆಲಕ್ಕೆಲ್ಲ ಕಾಂಕ್ರೀಟ್ ಹಾಕ್ಸಿ, ಮ್ಯಾಲೊಂದು ಸ್ಟೇಜ್ ಎಬ್ಸಾನ” ಎಂದರು.

ಅದೇ ಹೊತ್ತಿಗೆ ಒಂದು ಸಂಸ್ಥೆಯವರು ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ತೋಟದ ಮೂಲಕ ವಿಜ್ಞಾನ ಕಲಿಸುವುದನ್ನು ನೋಡಿ ಬರಲು ಜಿಲ್ಲೆಯಿಂದ ಇಬ್ಬರು ಟೀಚರುಗಳನ್ನು ಆರಿಸಿದರು. ಒಬ್ಬಳು ನಾನು. ನಾನು ಬರುವ ತನಕ ಆ ಜಾಗ ಮುಟ್ಟಬಾರದೆಂದು ರುದ್ರಪ್ಪನವರನ್ನು ಬೇಡಿಕೊಂಡೆ.

“ಹೋಗಿ ಬರ್ರಿ. ಬಂದು ಏನರ ಮಾಡಿ ತೋರ್ಸಿದ್ರೆ ನೋಡಾನ. ಇಲ್ಲಾಂದ್ರೆ ಜಲ್ಲಿ ಹೊಡಸ್ತೀನಿ” ಎಂದರು.

ಇನ್ನೊಬ್ಬಳು ಶಬಾನಾ. ಹಳೇ ದಾವಣಗೆರೆಯ ಒಂದು ಉರ್ದು ಶಾಲೆಯ ಟೀಚರು, ನನಗಿಂತ ಚಿಕ್ಕವಳು. ಅವಳ ಶಾಲೆ ಗಲ್ಲಿಯೊಳಗಿನ ಮಹಡಿ ಕಟ್ಟಡ. ಕೆಳಗೆ ಅಂಗಡಿಗಳ ಸಾಲು, ಮೇಲೆ ತರಗತಿಗಳು. ಒಂದು ಬೀಜ ಹೂಳಲು ಅಲ್ಲಿ ಬೊಗಸೆ ಮಣ್ಣಿಲ್ಲ. ಇವಳನ್ನು ಯಾಕೆ ಆರಿಸಿದರೋ ಎಂದು ನನಗೆ ಅರ್ಥವಾಗಲಿಲ್ಲ. ದಾವಣಗೆರೆಯವಳು, ಅದಕ್ಕೇ ಇರಬೇಕು ಎಂದುಕೊಂಡೆ.

ಇಳಿದ ದಿನ

ವಿಮಾನ ನಿಲ್ದಾಣದಲ್ಲೇ ನನಗೆ ಮೊದಲ ಪೆಟ್ಟು ಬಿತ್ತು. ಜಪಾನಿನ ಮಕ್ಕಳಿಗೆ ಕೊಡೋಣವೆಂದು ಅವರೆ, ಅಲಸಂದೆ, ಬದನೆ, ಸೋರೆ ಬೀಜಗಳನ್ನು ಆರಿಸಿ, ಬಿಸಿಲಿಗೆ ಒಣಗಿಸಿ, ಸಣ್ಣ ಸಣ್ಣ ಬಟ್ಟೆಯ ಗಂಟು ಕಟ್ಟಿ ತಂದಿದ್ದೆ. ತಪಾಸಣೆಯವನು ಒಂದು ಗಂಟು ಬಿಚ್ಚಿ ನೋಡಿದ. ಹೊರಗಿನ ಬೀಜ ಕಾಗದಪತ್ರವಿಲ್ಲದೆ ಒಳಗೆ ಬರುವಂತಿಲ್ಲವಂತೆ. ಎರಡೂ ಕೈಯಲ್ಲಿ ಗಂಟುಗಳನ್ನು ಹಿಡಿದು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಅಷ್ಟನ್ನೂ ಒಯ್ದುಬಿಟ್ಟ. ಅಷ್ಟು ಮರ್ಯಾದೆಯಿಂದ ಯಾರೂ ನನ್ನ ಸಾಮಾನು ಕಸಿದುಕೊಂಡಿರಲಿಲ್ಲ. ಜಗಳವಾಡಲು ಒಂದು ಸಂದೂ ಬಿಡಲಿಲ್ಲ.

ಶಬಾನಾ ತಂದಿದ್ದು ಗಾಜಿನ ಬಳೆ. ಅವು ಝಣಝಣ ಎನ್ನುತ್ತಾ ಒಳಗೆ ಬಂದವು.

“ಹೋಗ್ಲಿ ಬಿಡ್ರಿ ಮೇಡಂ. ಬಳೆ ಇಬ್ರೂ ಕೂಡಿ ಕೊಡಾಣ” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಒಳ್ಳೆಯ ಮನಸ್ಸಿನವರ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಆದರೂ ನಾನು ಬಿಡಲಿಲ್ಲ.

ನಮ್ಮನ್ನು ಕರೆದೊಯ್ಯಲು ಬಂದವರು ಮೊರಿತಾ ಎಂಬ ಟೀಚರು. ನನ್ನ ವಯಸ್ಸಿನವರೇ, ನನ್ನಂತೆಯೇ ನಾಲ್ಕನೇ ತರಗತಿಗೆ ಪಾಠ ಮಾಡುವವರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನದೂ ಹಾಗೆಯೇ. ಅವರ ಫೋನಿನಲ್ಲಿ ಜಪಾನಿಯನ್ನು ಕನ್ನಡ ಮಾಡಿ ಹೇಳುವ ಒಂದು ಹೆಣ್ಣುದನಿ ಇತ್ತು. “ತಮ್ಮ ಆಗಮನದಿಂದ ನಾವು ಪುಳಕಿತರಾಗಿದ್ದೇವೆ” ಎಂದಿತು ಅದು, ಮದುವೆ ಮಂಟಪದ ನಿರೂಪಕಿಯ ಧಾಟಿಯಲ್ಲಿ. ಶಬಾನಾ ನಕ್ಕುಬಿಟ್ಟಳು. ಮೊರಿತಾ ಕೂಡ ಏನೂ ತಿಳಿಯದೆ ನಕ್ಕರು. ಕಾರು ಹೊರಡುವ ಮುಂಚೆಯೇ ಅವರಿಬ್ಬರೂ ಗೆಳತಿಯರಾದರು. ನಾನು ಹಿಂದಿನ ಸೀಟಿನಲ್ಲಿ ಕೂತು ಭತ್ತದ ಗದ್ದೆ ನೋಡಿದೆ. ಅಲ್ಲಿನ ಭತ್ತವೂ ನಮ್ಮ ಕಡೆಯ ಭತ್ತಕ್ಕಿಂತ ಸಾಲುಸಾಲಾಗಿ ನಿಂತಂತೆ ಕಂಡಿತು.

ಶಾಲೆಯ ಮೊದಲ ದಿನ

ನಾಗೋಯಾದಿಂದ ಸ್ವಲ್ಪ ದೂರದ ಸಣ್ಣ ಊರು ಅದು. ಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅವರ ಚಪ್ಪಲಿ ಹಾಕಿಕೊಳ್ಳಬೇಕು. ಪಾಯಿಖಾನೆಗೆ ಬೇರೆಯದೇ ಚಪ್ಪಲಿ. ನಾನು ಅದನ್ನೇ ಹಾಕಿಕೊಂಡು ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತೆ. ಅವರು ನನ್ನ ಕಾಲಿನ ಕಡೆ ಒಮ್ಮೆ ನೋಡಿ, ತಕ್ಷಣ ಗೋಡೆಯ ಚಿತ್ರದ ಬಗ್ಗೆ ಮಾತಾಡತೊಡಗಿದರು. ಶಬಾನಾ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದ ಮೇಲೇ ನನಗೆ ಗೊತ್ತಾದದ್ದು.

ಅಂಗಳದ ಅಂಚಿನಲ್ಲಿ ಒಂದನೇ ತರಗತಿಯ ಮಕ್ಕಳ ಕುಂಡಗಳಿದ್ದವು. ಒಂದು ಮಗುವಿಗೆ ಒಂದು ಪ್ಲಾಸ್ಟಿಕ್ ಕುಂಡ, ಅದರ ಮೇಲೆ ಮಗುವಿನ ಹೆಸರು. ನಮ್ಮ ಬೇಲಿಗಳ ಮೇಲೆ ಯಾರೂ ಕೇಳದೆ ಹಬ್ಬುತ್ತದಲ್ಲ, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವ ತುತ್ತೂರಿಯಂಥ ಹೂವಿನ ಬಳ್ಳಿ, ಅದೇ ಜಾತಿಯದನ್ನು ಅವರು ರಾಜಕುಮಾರಿಯಂತೆ ಸಾಕಿದ್ದರು. ಮಕ್ಕಳು ಬಂದವರೇ ಚೀಲ ಕೂಡ ಇಳಿಸದೆ, ನೀರಿನ ಬಾಟಲಿಗೆ ತೂತುಗಳ ಮುಚ್ಚಳ ಹಾಕಿ, ತಮ್ಮ ತಮ್ಮ ಕುಂಡಕ್ಕೆ ನೀರು ಹನಿಸುತ್ತಿದ್ದರು. ಒಬ್ಬಳು ತನ್ನ ಬಳ್ಳಿಗೆ ಏನೋ ಹೇಳುತ್ತಲೂ ಇದ್ದಳು. ಅಲ್ಲಿ ಬೇಸಿಗೆ ರಜೆ ಜುಲೈ ಕೊನೆಗೆ, ಅದು ಹತ್ತಿರ ಬಂದಿದ್ದರಿಂದ ಆ ಕುಂಡಗಳೆಲ್ಲ ಮಕ್ಕಳ ಮನೆಗೆ ಹೋಗುತ್ತವಂತೆ. ಅಪ್ಪ ಅಮ್ಮಂದಿರು ಬಂದು ಹೊತ್ತೊಯ್ಯುತ್ತಾರಂತೆ. ನಮ್ಮ ಕಡೆ ರಜೆಯಲ್ಲಿ ಅಜ್ಜಿ ಮನೆಗೆ ಮಕ್ಕಳು ಹೋಗುವುದುಂಟು, ಹೋಂವರ್ಕ್ ಆಗಿ ಗಿಡ ಮನೆಗೆ ಹೋಗುವುದನ್ನು ನಾನು ಕೇಳಿರಲಿಲ್ಲ.

ಶಬಾನಾ ಕುಂಡಗಳ ನಡುವೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು.

“ಮೇಡಂ, ಇಲ್ನೋಡ್ರಿ. ಇದಕ್ಕೆ ನೆಲಾನೇ ಬ್ಯಾಡ!”

“ಕುಂಡದಲ್ಲಿ ಹೂವು ನಮ್ಮ ಮನೆ ಮಾಳಿಗೆ ಮ್ಯಾಲೂ ಐತೆ ಬಿಡಮ್ಮ” ಎಂದೆ. ಕುಂಡ ನೋಡಲು ಇಷ್ಟು ದೂರ ಬರಬೇಕಿತ್ತೇ ಎಂಬ ಅಸಡ್ಡೆ ನನಗೆ. ನನ್ನ ಕಣ್ಣು ಶಾಲೆಯ ಹಿಂದಿನ ತೋಟದ ಮೇಲಿತ್ತು.

ಆ ತೋಟ ನೋಡಿದೆ. ನೋಡಬಾರದಿತ್ತು. ಕರಿಯ ಪುಡಿಮಣ್ಣು, ಕೈ ಹಾಕಿದರೆ ಮೊಣಕೈವರೆಗೆ ಇಳಿಯುವಂಥದ್ದು. ಮಕ್ಕಳ ಎತ್ತರಕ್ಕೆ ನಲ್ಲಿಗಳು, ತಿರುವಿದರೆ ನೀರು ಬರುವ ನಲ್ಲಿಗಳು. ಸಲಿಕೆ, ಕಳೆ ಕೀಳುವ ಕುರ್ಚಿಗೆಗಳನ್ನು ನೇತುಹಾಕಲು ಒಂದು ಸಣ್ಣ ಶೆಡ್ಡು. ಒಂದೊಂದರ ಜಾಗದಲ್ಲಿ ಅದರದೇ ನೆರಳಿನ ಚಿತ್ರ ಬರೆದಿದ್ದರು, ಕಳೆದರೆ ತಕ್ಷಣ ಗೊತ್ತಾಗಲಿ ಎಂದು. ನಮ್ಮ ಶಾಲೆಯಲ್ಲಿ ಸಲಿಕೆ ಇಟ್ಟರೆ ನೆರಳಿನ ಚಿತ್ರವೂ ಉಳಿಯುವುದಿಲ್ಲ. ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿತು. ಊರಿಗೆ ಮರಳಿದ ಮೇಲೂ ಅದು ಆರಲಿಲ್ಲ.

ಹೀರೆಬಳ್ಳಿಯ ದಿನ

ಮೊರಿತಾ ಅವರ ನಾಲ್ಕನೇ ತರಗತಿಯ ಕಿಟಕಿಗಳ ಹೊರಗೆ ಬಲೆ ಕಟ್ಟಿ ಬಳ್ಳಿ ಹಬ್ಬಿಸಿದ್ದರು. ಒಳಗೆ ತಂಪು ನೆರಳು, ಹೊರಗೆ ಪಾಠ. ಆ ಬಳ್ಳಿಯನ್ನು ನೋಡಿ ನನಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು. ನಮ್ಮ ತುಪ್ಪದ ಹೀರೆ! ಅದೇ ಹಳದಿ ಹೂವು, ಅದೇ ಎಲೆ. ಅಲ್ಲಿ ಇದನ್ನು ತಿನ್ನುವುದಿಲ್ಲವಂತೆ. ಒಣಗಿಸಿ ಮೈ ಉಜ್ಜುವ ನಾರು ಮಾಡುತ್ತಾರಂತೆ. ನಾಲ್ಕನೇ ತರಗತಿಯವರು ಬಿತ್ತುವುದರಿಂದ ಹಿಡಿದು ಬಳ್ಳಿ ಒಣಗಿ ಬೀಳುವವರೆಗೆ, ಬೇಸಿಗೆ, ಮಳೆ, ಚಳಿಯಲ್ಲಿ ಅದನ್ನು ನೋಡುತ್ತಲೇ ಇರಬೇಕು. ಅದೇ ಅವರ ವಿಜ್ಞಾನ.

ಮಕ್ಕಳು ಟೇಪು ಹಿಡಿದು ಬಳ್ಳಿಯ ತುದಿ ಎಲ್ಲಿಗೆ ಬಂದಿದೆ ಎಂದು ಅಳೆದರು, ಕಾರ್ಡಿನಲ್ಲಿ ಚಿತ್ರ ಬರೆದರು. ಎಲೆಯನ್ನು ಮುಟ್ಟಿ ನೋಡಿ, ಮೂಸಿ ನೋಡಿ, ಒಬ್ಬಳು ಕೆನ್ನೆಗೆ ಉಜ್ಜಿ ನೋಡಿ, ಒರಟು ಎಂದು ಬರೆದಳು. ಅಷ್ಟರಲ್ಲಿ ಒಂದು ಹುಡುಗಿ ಕೇಳಿದ್ದನ್ನು ಫೋನಿನ ನಿರೂಪಕಿ ನಮಗೆ ಹೇಳಿದಳು: “ಕೆಲವು ಪುಷ್ಪಗಳು ಫಲ ನೀಡದೆ ಉದುರುವುದು ಏಕೆ?”

ಇಪ್ಪತ್ತು ವರ್ಷ ಪಾಠ ಮಾಡಿದ ನಾಲಿಗೆ ಸುಮ್ಮನಿರುತ್ತದೆಯೇ? ಗಂಡು ಹೂವು, ಹೆಣ್ಣು ಹೂವು, ಹೆಣ್ಣು ಹೂವಿನ ಕೆಳಗೆ ಮಾತ್ರ ಮರಿಗಾಯಿ ಇರುತ್ತದೆ. ನಾನು ಬಾಯಿ ತೆರೆದೆ. ಮೊರಿತಾ ನಗುತ್ತಲೇ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ತಡೆದರು. ಆಮೇಲೆ ಆ ಹುಡುಗಿಗೆ ಏನು ಹೇಳಿದರೆಂದರೆ, “ಉದುರಿದ ಹೂವನ್ನೂ ಉಳಿದ ಹೂವನ್ನೂ ಪಕ್ಕಪಕ್ಕ ಇಟ್ಟು ನೋಡು.” ಅಷ್ಟೇ. ಮಕ್ಕಳು ನೆಲದ ಮೇಲೆ ಬಿದ್ದ ಹೂವು ಆರಿಸಲು ಓಡಿದರು. ಪಾಠದ ಹೊತ್ತು ಮುಗಿದರೂ ಉತ್ತರ ಸಿಗಲಿಲ್ಲ. ಯಾರೂ ಗಾಬರಿಯಾಗಲಿಲ್ಲ, ಮೊರಿತಾ ಕೂಡ.

ಆ ದಿನ ನಾನು ಅವರ ಮಣ್ಣಿನ ಮೇಲೆ, ನಲ್ಲಿಯ ಮೇಲೆ ಪಟ್ಟ ಹೊಟ್ಟೆಕಿಚ್ಚು ಸಣ್ಣದೆನಿಸಿತು. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಇರಬಲ್ಲ ಆ ಹೆಂಗಸಿನ ಮೇಲೆ ನಿಜವಾಗಿ ಉರಿದುಹೋದೆ. ನನ್ನ ತರಗತಿಯಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬೀಳುತ್ತದೆ, ಎರಡನ್ನೂ ನಾನೇ ಹೇಳುತ್ತೇನೆ.

ಅಡುಗೆಯ ದಿನ

ಒಂದು ಸಂಜೆ ನಾವು ನಮ್ಮೂರ ಅಡುಗೆ ಮಾಡಿ ಅಲ್ಲಿನ ಟೀಚರುಗಳಿಗೆ ಬಡಿಸಬೇಕೆಂದು ಗೊತ್ತಾಯಿತು. ಶಾಲೆಯಲ್ಲೇ ಮಕ್ಕಳಿಗೆ ಅಡುಗೆ ಕಲಿಸುವ ಕೋಣೆಯಿತ್ತು. ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ತಂದಿದ್ದೆ. ಶಬಾನಾ ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ರೊಟ್ಟಿಗೆ ಒಂದು ಪಲ್ಯ ಬೇಡವೇ?

ಆ ಕೋಣೆ ಮೊರಿತಾ ಅವರ ತರಗತಿಯ ಪಕ್ಕದಲ್ಲೇ ಇದ್ದುದರಿಂದ ಬಳ್ಳಿ ಅಲ್ಲಿಗೂ ಹಬ್ಬಿತ್ತು, ಕಿಟಕಿಯಿಂದ ಕೈ ಚಾಚಿದರೆ ಸಿಗುವಂತೆ ಹೀರೆಕಾಯಿ ತೂಗುತ್ತಿದ್ದವು. ಬಲು ಎಳೆಯವು, ತುದಿಯಲ್ಲಿ ಒಣಗಿದ ಹೂವು ಇನ್ನೂ ಅಂಟಿಕೊಂಡಿತ್ತು. ನೋಡಿ ಸುಮ್ಮನಿರುವುದು ನನ್ನಿಂದಾಗಲಿಲ್ಲ. ಇನ್ನೆರಡು ದಿನ ಬಿಟ್ಟರೆ ನಾರು ಬಂದು ದನಕ್ಕೂ ಬೇಡವಾಗುತ್ತವೆ. ನಮ್ಮ ಕಡೆ ಬಳ್ಳಿಯಲ್ಲಿ ಒಂದು ದೊಡ್ಡ ಕಾಯನ್ನು ಬೀಜಕ್ಕೆ ಬಿಟ್ಟು ಉಳಿದ ಎಳೆಯವನ್ನು ಕೀಳುವುದು ಪದ್ಧತಿ. ಅದರಂತೆ ನಾನು ಬಲಿತ ದೊಡ್ಡ ಕಾಯಿಯ ತಂಟೆಗೆ ಹೋಗಲಿಲ್ಲ. ಅದನ್ನು ಮಕ್ಕಳಿಗೆ ಬಿಟ್ಟಿದ್ದೇನೆ ಎಂಬ ಹೆಮ್ಮೆಯಿಂದಲೇ ಎಳೆಯವನ್ನೆಲ್ಲ ಕಿತ್ತೆ.

“ಕೇಳಿ ಕೀಳ್ಬೇಕಿತ್ತೇನೋ ಮೇಡಂ?” ಎಂದಳು ಶಬಾನಾ.

“ಅವ್ರು ತಿನ್ನೋದೇ ಇಲ್ಲ ಅಂತಾರಲ್ಲೇ. ಹಾಳಾಗಿ ಹೋಗೋದು ಅಷ್ಟೆ” ಎಂದೆ.

ಪಲ್ಯ ಅದ್ಭುತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಸಾಸಿವೆ, ಬೆಳ್ಳುಳ್ಳಿ, ಮೇಲೆ ಗುರೆಳ್ಳು ಪುಡಿ. ಮೊರಿತಾ ಎರಡು ಸಲ ಹಾಕಿಸಿಕೊಂಡು, ಇದು ಯಾವ ತರಕಾರಿ ಎಂದು ಕೇಳಿದರು. ನಾನು ಕಿಟಕಿಯ ಕಡೆ ಕೈ ತೋರಿಸಿದೆ. ಅವರ ಚಾಪ್‌ಸ್ಟಿಕ್ ಅರ್ಧ ದಾರಿಯಲ್ಲಿ ನಿಂತಿತು. ಕ್ಷಣ ಬಿಟ್ಟು, ಬಾಯಲ್ಲಿದ್ದುದನ್ನು ಅಗಿದು ನುಂಗಿ, ರುಚಿಯಾಗಿದೆ ಎಂದರು. ಏನೋ ಎಡವಟ್ಟಾಗಿದೆ ಎಂದು ನನಗೆ ಆಗಲೇ ಅನಿಸಿತು. ಏನೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ

ಬೆಳಿಗ್ಗೆ ಮಕ್ಕಳು ಟೇಪು ಹಿಡಿದು ಬಳ್ಳಿಯ ಬಳಿ ಬಂದಾಗ ಗೊತ್ತಾಯಿತು. ಅವರು ದಿನಾ ಅಳೆಯುತ್ತಿದ್ದದ್ದು ಬಳ್ಳಿಯ ತುದಿಯನ್ನಷ್ಟೇ ಅಲ್ಲ, ಆ ಎಳೆಯ ಕಾಯಿಗಳನ್ನೂ. ಹೂವು ಬಾಡಿದ ದಿನದಿಂದ ನಾರಾಗುವ ದಿನದವರೆಗೆ ಕಾಯಿ ಹೇಗೆ ಬೆಳೆಯುತ್ತದೆ ಎಂದು ನೋಡಲು ಗುಂಪಿಗೊಂದು ಕಾಯಿ ಹಂಚಿಕೊಂಡಿದ್ದರು. ದೊಡ್ಡದು ಯಾರಿಗೂ ಬೇಕಿರಲಿಲ್ಲ. ಅದು ಎಣಿಕೆ ಶುರುವಾಗುವ ಮೊದಲೇ ಬಲಿತಿತ್ತಂತೆ.

ಒಬ್ಬ ಹುಡುಗಿ ಬರಿಯ ತೊಟ್ಟು ಹಿಡಿದುಕೊಂಡು ನಿಂತಳು. ಅಳಲಿಲ್ಲ, ಕೂಗಲಿಲ್ಲ. ತೊಟ್ಟಿನ ತುದಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಅವಳು ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ನಾನು ಮಕ್ಕಳ ಮುಂದೆ ಹೋಗಿ ನನ್ನನ್ನೇ ತೋರಿಸಿಕೊಂಡೆ. ಕಿತ್ತದ್ದು, ಹೆಚ್ಚಿದ್ದು, ಒಗ್ಗರಣೆ ಹಾಕಿದ್ದು ಎಲ್ಲವನ್ನೂ ಕೈಸನ್ನೆಯಲ್ಲಿ ಹೇಳಿದೆ. ನಿರೂಪಕಿಯ ಬಾಯಲ್ಲಿ ಈ ಮಾತು ಹೇಳಿಸಲು ಮನಸ್ಸು ಬರಲಿಲ್ಲ. ಶಬಾನಾ ಬಂದು ನನ್ನ ಪಕ್ಕ ನಿಂತು, “ನಾನೂ ತಿಂದೀನಿ” ಎಂದು ತನ್ನ ಹೊಟ್ಟೆ ತಟ್ಟಿಕೊಂಡಳು. ಮಕ್ಕಳು ನಕ್ಕರು. ತಪ್ಪು ಮಾಡಿದವಳು ನಾನು, ಪ್ರೀತಿ ಗಿಟ್ಟಿಸಿದವಳು ಅವಳು. ಆ ಅವಮಾನದ ನಡುವೆಯೂ ನನಗೆ ಇದು ಕಂಡಿತೆಂದರೆ ನನ್ನ ಹೊಟ್ಟೆಕಿಚ್ಚಿನ ದೃಷ್ಟಿ ಎಷ್ಟು ಚುರುಕು ನೋಡಿ.

ಮೊರಿತಾ ಮಕ್ಕಳನ್ನು ಸುತ್ತ ಕೂರಿಸಿಕೊಂಡರು. ನಾನು ಆಗಿದ್ದರೆ ಮೊದಲು ಬಾಗಿಲಿಗೆ ಬೀಗ ಹಾಕಿ, ಯಾರ ಕೆಲಸ ಎಂದು ವಿಚಾರಣೆ ಮಾಡುತ್ತಿದ್ದೆ. ಅವರು ಮಕ್ಕಳಿಗೆ ಕೇಳಿದ್ದು ಒಂದೇ ಮಾತು: “ಕಾಯಿ ಹೋಯಿತು. ಬಳ್ಳಿ ಈಗ ಏನು ಮಾಡುತ್ತದೆ?”

ಕೈಗಳು ಎದ್ದವು. ಒಣಗುತ್ತದೆ ಎಂದಿತು ಒಂದು ಗುಂಪು. ಬೇಜಾರಾಗಿ ಹೂವು ಬಿಡುವುದಿಲ್ಲ ಎಂದಳು ಒಬ್ಬಳು. ದೊಡ್ಡ ಕಾಯಿಯೇ ಇನ್ನೂ ದೊಡ್ಡದಾಗುತ್ತದೆ ಎಂದು ಮತ್ತೊಬ್ಬಳು. ಕಿತ್ತಷ್ಟೂ ಬಿಡುತ್ತದೆ ಎಂದು ಹರಿಹರದ ಸಂತೆಯ ಯಾವ ತರಕಾರಿಯವಳನ್ನು ಕೇಳಿದರೂ ಹೇಳುತ್ತಾಳೆ. ಮೊರಿತಾ ನನ್ನ ಕಡೆ ನೋಡಿದರು. ಈ ಸಲ ಅವರು ಬೆರಳು ಎತ್ತಬೇಕಾಗಲಿಲ್ಲ, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತೆ. ಮಕ್ಕಳು ತಮ್ಮ ತಮ್ಮ ಊಹೆ ಬರೆದಿಟ್ಟು ತರಗತಿಗೆ ಹೋದರು. ಪರದೇಶದವಳು ಹಾಳು ಮಾಡಿದ ಪಾಠವನ್ನು ಆ ಹೆಂಗಸು ಇನ್ನೂ ಒಳ್ಳೆಯ ಪಾಠ ಮಾಡಿಕೊಂಡಿದ್ದಳು. ನನಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಅದಕ್ಕಿಂತ ಮುಂಚೆ ಹೊಟ್ಟೆ ಉರಿಯಿತು.

ದಾವಣಗೆರೆ: ಮರಳಿದ ಮೇಲೆ

ಊರಿಗೆ ಬಂದವಳೇ ರುದ್ರಪ್ಪನವರ ಮುಂದೆ ನನ್ನ ಬೇಡಿಕೆ ಇಟ್ಟೆ. ಪುಡಿಮಣ್ಣು ಬೇಕು, ಮಕ್ಕಳ ಎತ್ತರದ ನಲ್ಲಿ ಬೇಕು, ಶೆಡ್ಡು ಬೇಕು, ಬಲೆ ಬೇಕು, ಸುತ್ತ ಗೋಡೆ ಬೇಕು. ಅವರು ತಾಳ್ಮೆಯಿಂದ ಕೇಳಿದರು.

“ಟೀಚರ್, ಇಷ್ಟೆಲ್ಲ ಎಲ್ಲಿಂದ ತರಾನ್ರಿ? ಜಪಾನ್ನೇ ಎತ್ಕಂಡ್ ಬರ್ಬೇಕಾಗ್ತೈತೆ.”

ಇವೆಲ್ಲ ಇಲ್ಲದೆ ತೋಟ ಹೇಗಾಗುತ್ತದೆ ಎಂದು ನಾನು ಹಟ ಹಿಡಿದೆ. ಕುಣಿಯಲಾರದವಳಿಗೆ ನೆಲ ಡೊಂಕು. ಒಂದು ಬೀಜವನ್ನೂ ಬಿತ್ತದೆ ವಾರಗಳು ಕಳೆದವು. ಮಳೆ ಬಂದು ಹೋಯಿತು, ಮುಳ್ಳುಕಂಟಿ ಚೆನ್ನಾಗಿ ಚಿಗುರಿತು. ಒಂದು ದಿನ ಶಾಲೆಗೆ ಹೋದರೆ ಹಿಂದಿನ ಜಾಗದ ಬಾಗಿಲಲ್ಲಿ ಟ್ರ್ಯಾಕ್ಟರ್ ಜಲ್ಲಿ ಸುರಿದಿತ್ತು. ಬರುವ ವಾರ ಕಾಂಕ್ರೀಟ್ ಹಾಕುತ್ತಾರೆಂದು ಅಡುಗೆಯವರು ಹೇಳಿದರು. 

ಆ ಸಂಜೆ ಶಬಾನಾಳ ಹತ್ತಿರ ಗೋಳು ಹೇಳಿಕೊಳ್ಳಲು ದಾವಣಗೆರೆಗೆ ಹೋದೆ. ಅವಳದೂ ನನ್ನಂತೆಯೇ ಆಗಿರುತ್ತದೆ, ಇಬ್ಬರೂ ಕೂತು ಅಳಬಹುದು ಎಂಬ ಲೆಕ್ಕ. ಗಲ್ಲಿ ತಿರುಗಿ ಅವಳ ಶಾಲೆಯ ಮೆಟ್ಟಿಲ ಬುಡದಲ್ಲಿ ನಿಂತೆ. ಮೇಲಿನವರೆಗೆ, ಮೆಟ್ಟಿಲಿಗೊಂದರಂತೆ, ಪೇಂಟಿನ ಖಾಲಿ ಬಕೆಟ್ಟು, ಅರ್ಧ ಕೊಯ್ದ ಎಣ್ಣೆ ಡಬ್ಬಿ. ಒಂದೊಂದರ ಮೇಲೂ ಒಂದು ಮಗುವಿನ ಹೆಸರು. ಅಲಸಂದೆ, ಹೀರೆ, ಮೆಂತ್ಯ. ಹೀರೆಯ ಬಳ್ಳಿಗಳು ಸುತಳಿ ಹಿಡಿದು ಕಂಬಿಯ ಮೇಲೆ ಹಬ್ಬಿ ಮಹಡಿ ಏರುತ್ತಿದ್ದವು.

“ಬರ್ರಿ ಮೇಡಂ, ಬರ್ರಿ!” ಎಂದು ಶಬಾನಾ ಕೆಳಗಿಳಿದು ಬಂದಳು. “ನಮ್ಮಣ್ಣನ ಪೇಂಟ್ ಅಂಗಡಿಯಾಗೆ ಖಾಲಿ ಬಕೆಟ್ ಬಿದ್ದಿದ್ವು. ಮಣ್ಣು ಮಾಯಕೊಂಡದಿಂದ, ನಮ್ಮ ತಂಗಿ ಗಂಡನ ಹೊಲದ್ದು.”

ಒಂದು ಮೆಟ್ಟಿಲ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿತ್ತು. ನೀರು ಹಾಕಲು ಉಳಿದಿದ್ದ ಒಬ್ಬ ಹುಡುಗಿ ಅದನ್ನೆತ್ತಿ ಕೆಳಗಿನ ಗಿಡ ತೋರಿಸಿದಳು.

“ಇದಕ್ಕೆ ಬಿಸ್ಲು ಕೊಟ್ಟಿಲ್ಲ ಟೀಚರ್. ನೀರು ಅಷ್ಟೇ ಹಾಕೀವಿ. ಹಳದಿ ಆಗೈತೆ, ಆದ್ರೆ ಬಾಕಿ ಗಿಡಕ್ಕಿಂತ ಉದ್ದ ಬೆಳದೈತೆ. ಯಾಕ ಅಂತ ನಾವು ಇನ್ನೂ ಜಗಳ ಆಡ್ತಾನೇ ಅದೀವಿ.”

ಎಂಥ ಜಗಳ! ನನ್ನ ಮಕ್ಕಳು ಪೆನ್ಸಿಲಿಗೆ, ಕೂರುವ ಜಾಗಕ್ಕೆ ಜಗಳವಾಡುತ್ತಾರೆ. ಜಪಾನಿನ ತೋಟವನ್ನು ನಾನು ದೂರದ ಬೆಟ್ಟ ಎಂದು ಹೇಗೋ ಸಹಿಸಿಕೊಂಡಿದ್ದೆ. ಇದು ಅರ್ಧ ಗಂಟೆಯ ಬಸ್ಸಿನ ದೂರದಲ್ಲಿ, ಅದೂ ದಾವಣಗೆರೆಯಲ್ಲಿ, ಪೇಂಟಿನ ಬಕೆಟ್ಟಿನಲ್ಲಿ. ಶಬಾನಾ ಕೊಟ್ಟ ಚಹಾ ಕುಡಿದೆ. ಅದಕ್ಕೆ ಸಕ್ಕರೆ ಹಾಕಿದ್ದರೋ ಇಲ್ಲವೋ ನೆನಪಿಲ್ಲ.

ಮತ್ತೆ ದಾವಣಗೆರೆ

ಬಸ್ಸಿನಲ್ಲಿ ಮರಳುವಾಗ ಒಂದು ಉಪಾಯ ಹೊಳೆಯಿತು. ಹೊಳೆದದ್ದು ಖುಷಿ ಕೊಡಲಿಲ್ಲ. ರುದ್ರಪ್ಪನವರನ್ನು ಕರೆತಂದು ಈ ಮೆಟ್ಟಿಲುಗಳನ್ನು ತೋರಿಸಬೇಕು. ಹಾಗೆಂದರೆ, ಮಣ್ಣೇ ಇಲ್ಲದವಳು ಮಾಡಿ ತೋರಿಸಿದಳು, ಮಣ್ಣಿದ್ದ ನಾನು ಕೂತಿದ್ದೆ ಎಂದು ನಾನೇ ಬಾಯಿಬಿಟ್ಟು ಒಪ್ಪಿದ ಹಾಗೆ. ಒಂದು ರಾತ್ರಿಯೆಲ್ಲ ಮನಸ್ಸು ಬರಲಿಲ್ಲ. ಬೆಳಿಗ್ಗೆ ಜಲ್ಲಿಯ ರಾಶಿ ನೋಡಿದ ಮೇಲೆ ಬಂತು.

ರುದ್ರಪ್ಪನವರು ಪ್ರತಿ ಮೆಟ್ಟಿಲಲ್ಲೂ ನಿಂತರು. ಬುಟ್ಟಿಯ ಕೆಳಗಿನ ಗಿಡ ನೋಡಿ, “ಬಿಸ್ಲು ಇಲ್ದಕ್ಕೆ ಅದು…” ಎಂದು ಶುರುಮಾಡಿದರು.

“ಹೇಳ್ಬ್ಯಾಡ್ರಿ ಸರ್. ಹುಡುಗ್ರೇ ಹುಡುಕ್ಲಿ” ಎಂದಳು ಶಬಾನಾ.

ಎಪ್ಪತ್ತರ ಹತ್ತಿರದ ಮನುಷ್ಯ, ಊರಿನಲ್ಲಿ ಯಾರೂ ಅವರ ಮಾತಿಗೆ ಅಡ್ಡ ಬರುವುದಿಲ್ಲ. ಅವರು ತೆರೆದ ಬಾಯಿ ಮುಚ್ಚಿ, ಆ ಹುಡುಗಿಯರ ಜಗಳವನ್ನು ಮೆಟ್ಟಿಲ ಮೇಲೆ ಕೂತು ಕೇಳಿದರು. ಮರಳುವಾಗ ಬಸ್ಸು ದೊಡ್ಡಬಾತಿ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

“ಅಲ್ರೀ ಟೀಚರ್, ದಾವಣಗೆರಿಯವ್ರು ಮೆಟ್ಲ ಮ್ಯಾಲೆ ತ್ವಾಟ ಮಾಡ್ಯಾರೆ. ನಮ್ಮತ್ರ ನೆಲ ಐತೆ, ಹೊಳಿ ಐತೆ. ನಾವು ಅದ್ರ ಮ್ಯಾಲೆ ಕಾಂಕ್ರೀಟ್ ಹಾಕ್ತೀವಿ ಅಂದ್ರೆ ಅವ್ರು ನಗಲ್ವೇನ್ರಿ?”

“ನಗ್ತಾರೆ” ಎಂದೆ.

“ಈಗಾಗ್ಲೇ ಬೇಕಾದಷ್ಟು ನಕ್ಕಾರೆ ಅವ್ರು” ಎಂದು ಮುಖ ಕೆಂಪು ಮಾಡಿಕೊಂಡು ಕಿಟಕಿಯ ಹೊರಗೆ ನೋಡಿದರು. ಆ ಮುಖ ನನಗೆ ಚೆನ್ನಾಗಿ ಪರಿಚಯವಿತ್ತು. ನಮ್ಮ ಮನೆಯ ಕನ್ನಡಿಯಲ್ಲಿ ಆಗಾಗ ನೋಡುತ್ತೇನೆ.

ಹರಿಹರ

ಮುಂದಿನ ವಾರ ಕಾಂಕ್ರೀಟ್ ಬರಲಿಲ್ಲ. ಗುತ್ತೂರಿನ ಕಡೆಯಿಂದ ಕೆರೆಯ ಗೋಡುಮಣ್ಣು ಬಂತು, ಅದರ ಹಿಂದೆ ಒಂದು ಟ್ರ್ಯಾಕ್ಟರ್ ಸಗಣಿ ಗೊಬ್ಬರ. ಜಲ್ಲಿ ಪಾತಿಗಳ ನಡುವಿನ ಕಾಲುದಾರಿಗೆ ಹೋಯಿತು. ಸ್ಟೇಜು ಮುಂದಿನ ವರಾಂಡದಲ್ಲೇ ಆದೀತು ಎಂದರು ರುದ್ರಪ್ಪ. ನಲ್ಲಿ ಬರಲಿಲ್ಲ, ಶೆಡ್ಡು ಬರಲಿಲ್ಲ. ಮಕ್ಕಳು ಕೈತೊಳೆದ ನೀರನ್ನೇ ಕೊಡದಲ್ಲಿ ಹಿಡಿದು ತಂದರು.

ಬಿತ್ತುವ ದಿನ ಶಬಾನಾಳನ್ನು ಕರೆದಿದ್ದೆ. ಯಾಕೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಅವಳಿಗೆ ತೋರಿಸಬೇಕಿತ್ತು. ಅಷ್ಟು ಅಗಲದ ಮಣ್ಣು, ಮೇಲೆ ತೆರೆದ ಆಕಾಶ, ನನ್ನ ನಾಲ್ಕನೇ ತರಗತಿಯೆಲ್ಲ ಬರಿಗಾಲಿನಲ್ಲಿ ಪಾತಿಗಳ ನಡುವೆ. ಒಬ್ಬಳು ಎರೆಹುಳು ಹಿಡಿದು ಕಿರುಚುತ್ತಿದ್ದಳು, ಇನ್ನೊಬ್ಬಳು ಅದಕ್ಕೆ ತಲೆ ಯಾವ ಕಡೆ ಎಂದು ಕೇಳುತ್ತಿದ್ದಳು.

ಶಬಾನಾ ಬಂದಳು. ಚಪ್ಪಲಿ ಬಿಟ್ಟು ಪಾತಿಗೆ ಇಳಿದಳು. ಪಾದ ಮುಚ್ಚುವಷ್ಟು ಕಾಲು ಹೂತಿತು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಸುಮ್ಮನೆ ಹಿಸುಕುತ್ತಾ ನಿಂತಳು. 

“ಚೀಲದಾಗೆ ತಂದ ಮಣ್ಣು ಹಿಂಗಿರಲ್ಲ ಮೇಡಂ” ಎಂದಳು. “ನನ್ನ ಮಕ್ಳು ಎರೆಹುಳನೇ ನೋಡಿಲ್ಲ. ಬಕೆಟ್ನಾಗೆ ಎಲ್ಲಿಂದ ಬರ್ಬೇಕು? ಖರೇ ಹೇಳ್ತೀನಿ, ಇದನ್ನ ನೋಡಿ ನನಗೆ ಹೊಟ್ಟೆ ಉರೀತೈತೆ.”

ಈ ಮಾತಿಗಾಗಿ ನಾನು ವಿಮಾನ ನಿಲ್ದಾಣದಿಂದ ಕಾದಿದ್ದೆ. ಒಬ್ಬರಾದರೂ ನನ್ನದನ್ನು ನೋಡಿ ಉರಿದುಕೊಳ್ಳಲಿ ಎಂದು, ಅದರಲ್ಲೂ ದಾವಣಗೆರೆಯವರು. ಈಗ ಅದು ಕೈಗೆ ಬಂದಾಗ ಅವಳ ಮುಖ ನೋಡಲಾಗಲಿಲ್ಲ. ಆ ಉರಿ ಎಲ್ಲಿ ಸುಡುತ್ತದೆ, ಎಷ್ಟು ಸುಡುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಶನಿವಾರ ಶಾಲೆ ಬಿಟ್ಟ ಮ್ಯಾಲೆ ನಿನ್ನ ಮಕ್ಕಳನ್ನ ಬಸ್ ಹತ್ತಿಸ್ಕೊಂಡು ಬಾರಮ್ಮ” ಎಂದೆ. “ಆ ಕಡೆ ಅರ್ಧ ಅವರಿಗೇ ಇರ್ಲಿ.”

ಅವಳು ಮಣ್ಣಿನ ಕೈಯಲ್ಲೇ ನನ್ನ ಕೈ ಹಿಡಿದುಕೊಂಡಳು. ಅತ್ತ ರುದ್ರಪ್ಪ ತಲೆ ಚಚ್ಚಿಕೊಳ್ಳುವುದು ಕಂಡಿತು. ಅರ್ಧ ಜಾಗ ಹೋಯಿತಲ್ಲ, ಅದೂ ದಾವಣಗೆರೆಯವರಿಗೆ, ಎಂದು ನನಗೂ ಒಳಗೆ ಧಸಕ್ಕೆಂದಿತು. ಆದರೆ ಶಬಾನಾ ಆಗಲೇ ಆ ಕಡೆಯ ಪಾತಿಗೆ ನಡೆದು, ತನ್ನ ಮಕ್ಕಳಿಗೆಂದು ಕೈಯಳತೆಯಲ್ಲಿ ಜಾಗ ಅಳೆಯತೊಡಗಿದ್ದಳು. ಅರ್ಧಕ್ಕಿಂತ ಒಂದು ಗೇಣು ಹೆಚ್ಚೇ ಅಳೆದಳು. ನಾನು ನೋಡಿದೆ, ಅವಳು ಅಳೆದಲ್ಲಿಗೇ ಗುರುತಿನ ಕಡ್ಡಿ ನೆಟ್ಟೆ.